ಅತ್ತೆಯ ಅಡುಗೆಮನೆಯಲ್ಲಿ ಜಗತ್ತಿನ ಇತಿಹಾಸ

ಹುಣಸೂರಿನಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಊಟಕ್ಕೆ ಹೋಗುವವರು ಹೊಟ್ಟೆ ಹಸಿದಿದೆಯೇ ಎಂದು ನೋಡಿಕೊಂಡರೆ ಸಾಲದು. ಆ ತಾರೀಕಿನಲ್ಲಿ ಹಿಂದೆಂದೋ ಪ್ರಪಂಚದಲ್ಲಿ ಏನೇನಾಗಿತ್ತು ಎಂದು ತಿಳಿದುಕೊಂಡು ಹೋಗಬೇಕು! ಇಲ್ಲದಿದ್ದರೆ ನಿಮ್ಮ ತಟ್ಟೆಗೆ ಏಕೆ ಒಬ್ಬಟ್ಟು ಬಿತ್ತು, ಅಥವಾ ಏಕೆ ಬರೀ ಅನ್ನ ಮಜ್ಜಿಗೆ ಬಿತ್ತು ಎನ್ನುವುದು ಕೈ ತೊಳೆದ ಮೇಲೂ ನಿಮಗೆ ಅರ್ಥವಾಗುವುದಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ದಿನಪತ್ರಿಕೆಯ ಮೂಲೆಯಲ್ಲಿ ಬೆರಳಗಲದ ಒಂದು ಅಂಕಣ ಬರುತ್ತದಲ್ಲ, 'ಇತಿಹಾಸದಲ್ಲಿ ಈ ದಿನ' ಅಂತ? ನೀವೂ ನಾನೂ ಅದನ್ನು ದಾಟಿಕೊಂಡು ರಾಶಿಭವಿಷ್ಯಕ್ಕೆ ಹೋಗುತ್ತೇವೆ. ಅತ್ತೆಗೆ ಅದೇ ರಾಶಿಭವಿಷ್ಯ, ಅದೇ ಪಂಚಾಂಗ. ಯಾರಾದರೂ ದೊಡ್ಡವರು ಹುಟ್ಟಿದ ದಿನವಾದರೆ ಮನೆಯಲ್ಲಿ ಸಿಹಿ. ಯುದ್ಧವೋ ಭೂಕಂಪವೋ ಆಗಿದ್ದ ದಿನವಾದರೆ ಸಾರಿಗೆ ಒಗ್ಗರಣೆ ಇಲ್ಲ!

ಈ ಹುಚ್ಚು ಹತ್ತಿದ್ದು ಬೀಚನಹಳ್ಳಿಯಲ್ಲಂತೆ. ಮಾವನಿಗೆ ಕಬಿನಿ ಅಣೆಕಟ್ಟೆಯಲ್ಲಿ ಕೆಲಸ. ಕ್ವಾರ್ಟರ್ಸಿನಲ್ಲಿ ಆಗ ಅತ್ತೆಗೆ ಮಾತಿಗೂ ಜನವಿಲ್ಲ. ಎಚ್.ಡಿ. ಕೋಟೆಯಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದುವುದು, ಸಂಜೆ ಮಾವ ಬಂದೊಡನೆ ಅವರಿಗೆ ಒಪ್ಪಿಸುವುದು. ಮಾವ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು: "ನಮ್ಮನೆ ಗೋಡೇಲಿ ಕ್ಯಾಲೆಂಡರ್ ಇಲ್ಲ ಕಣ್ರೀ. ಇವ್ಳನ್ನ ಮದ್ವೆ ಆಗಿವ್ನಲ್ಲ, ಸಾಕು!"

ಮದುವೆಯಾದ ಹೊಸತರಲ್ಲಿ ನನ್ನ ಗಂಡನನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋಗಿದ್ದೆ. ಅವರು ಕೆ.ಆರ್. ನಗರದ ಕಡೆಯವರು. ಹೊಸ ಅಳಿಯನೆಂದರೆ ಕೋಳಿಯಾದರೂ ಬೀಳುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದರು ಪಾಪ. ಎಲೆಯ ಮೇಲೆ ಬಿದ್ದದ್ದು ಅನ್ನ, ಮಜ್ಜಿಗೆ, ಒಂದು ಉಪ್ಪಿನಕಾಯಿ.

"ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದು ಅವರು ನನ್ನ ಕಿವಿಯಲ್ಲಿ ಕೇಳಿದರು.

ಅತ್ತೆಗೆ ಕೇಳಿಸಿತು. "ಹೋದ್ರು ಕಣಪ್ಪ. ಇದೇ ದಿನ ಒಂದು ಅಡಗು ಮುಳುಗಿ ಎಷ್ಟೊಂದು ಜನ ಹೋಗ್ಬುಟ್ರಂತೆ."

"ಯಾವ ದೇಶದ್ದು ಅತ್ತೆ?" ಎಂದೆ.

"ಯಾವ್ ದೇಸದ್ದಾದ್ರೇನವ್ವ? ಮುಳುಗ್ದೋರು ಮನುಸ್ರಲ್ವಾ?"

ಗಂಡ ಮುಳುಗಿದವರ ನೆನಪಿನಲ್ಲಿ ಮಜ್ಜಿಗೆ ಕುಡಿದು ಎದ್ದರು. ಆದರೆ ಸಂಜೆ ಹೊತ್ತಿಗೆ ಹಿತ್ತಿಲಲ್ಲಿ ಕೋಳಿ ಕೂಗಿಕೊಂಡಿತು. ಏನೆಂದರೆ, ಅದೇ ಅಂಕಣದ ಕೊನೆಯ ಸಾಲನ್ನು ಅತ್ತೆ ಊಟವಾದ ಮೇಲೆ ಗಮನಿಸಿದ್ದರು. ಅದೇ ತಾರೀಕಿನಲ್ಲಿ ಒಬ್ಬ ಕ್ರಿಕೆಟ್ ಆಟಗಾರ ಹುಟ್ಟಿದ್ದ! ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಕೇಳಿದರು: "ಆ ಕೋಳಿ ನನಗೆ ಕುಯ್ದಿದ್ದೋ, ಅವನಿಗೋ?" ನನಗಿನ್ನೂ ಗೊತ್ತಾಗಿಲ್ಲ.

ಅತ್ತೆಯ ನಿಜವಾದ ಕಷ್ಟ ಇಲ್ಲೇ ಇದ್ದದ್ದು. ತಾರೀಕಿಗೆ ನಾಚಿಕೆಯಿಲ್ಲ ನೋಡಿ, ಒಂದೇ ದಿನ ಒಂದು ಕಡೆ ತೊಟ್ಟಿಲು ತೂಗಿಸುತ್ತದೆ, ಇನ್ನೊಂದು ಕಡೆ ಪಟ್ಟಣವನ್ನೇ ಬೀಳಿಸುತ್ತದೆ. ಒಮ್ಮೆ ಅತ್ತೆಯ ಮೆಚ್ಚಿನ ಚಿತ್ರನಟಿಯ ಹುಟ್ಟುಹಬ್ಬದ ದಿನವೇ ಎಲ್ಲೋ ಭೂಕಂಪವಾಗಿತ್ತಂತೆ. ಒಲೆಯ ಮುಂದೆ ಸೌಟು ಹಿಡಿದು ಬಹಳ ಹೊತ್ತು ನಿಂತಿದ್ದರು. ಕೊನೆಗೆ ಪಾಯಸ ಬಂತು. ಬಾಯಿಗಿಟ್ಟರೆ ಏನೋ ಒಂದು ಇಲ್ಲ.

"ಬೆಲ್ಲ ಆಕಿವ್ನಿ, ಏಲಕ್ಕಿ ಆಕಿಲ್ಲ. ಸಂತೋಸ ಪಡದು ಪಡದೇ, ಗಮಗಮ ಅನ್ನಿಸ್ಬಾರ್ದು" ಎಂದರು.

ಪಕ್ಕದ ಮನೆಯವರು ಹೊಗೆಸೊಪ್ಪು ಬೆಳೆಯುವವರು. ಅವರು ಒಂದು ಬೆಳಿಗ್ಗೆ ಸೊಪ್ಪು ಬೇಯಿಸುವ ಬ್ಯಾರನ್ ಕೊಠಡಿಯ ಒಲೆಗೆ ಬೆಂಕಿ ಹಾಕಲು ಹೊರಟಿದ್ದಾಗ ಅತ್ತೆ ಬೇಲಿಯಾಚೆಯಿಂದ ಕೂಗಿದರು: "ಇವತ್ತು ಬ್ಯಾಡ ಕಣಪ್ಪೋ! ಇವತ್ತು ಒಂದು ದೊಡ್ ಪಟ್ನ ಬೆಂಕಿ ಬಿದ್ದು ಸುಟ್ಟೋಗಿತ್ತಂತೆ!"

ಆ ಮನುಷ್ಯ ಬೆಂಕಿಪೊಟ್ಟಣ ಹಿಡಿದುಕೊಂಡು ನಿಂತಲ್ಲೇ ನಿಂತ. "ಸೊಪ್ಪು ಕುಯ್ದು ಕಡ್ಡಿಗೆ ಕಟ್ಟಿ ತುಂಬ್ಬುಟ್ಟಿವ್ನಿ ಕಣಕ್ಕ. ಇತಿಹಾಸಕ್ಕೆ ಕಾಯ್ತಾ ಕುಂತ್ಕಂಡ್ರೆ ಕೊಳ್ತೋಯ್ತದೆ!"

"ಅಂಗಾರೆ ಆಕು. ಆದ್ರೆ ಒಂದ್ ಬಿಂದ್ಗೆ ನೀರು ಪಕ್ಕದಲ್ಲೇ ಮಡಿಕ್ಕೊ. ಆ ಪಟ್ನದೋರು ಮಡಿಕ್ಕಂಡಿರ್ಲಿಲ್ಲ ಅನ್ನುಸ್ತದೆ."

ಅವನು ಬಿಂದಿಗೆಯಲ್ಲ, ಡ್ರಮ್ಮೇ ತಂದಿಟ್ಟ. ನಗಬೇಡಿ, ನೀವಾಗಿದ್ದರೂ ಇಡುತ್ತಿದ್ದಿರಿ!

ಇನ್ನು ನಮ್ಮಪ್ಪನ ಪಾಡು. ಅಪ್ಪ ಹುಟ್ಟಿದ ತಾರೀಕಿನಲ್ಲೇ ಯಾವುದೋ ದೇಶದ ಸರ್ವಾಧಿಕಾರಿಯೊಬ್ಬ ಹುಟ್ಟಿದ್ದನೆಂದು ಅತ್ತೆ ಎಂದೋ ಓದಿದ್ದಾರೆ. ಅಂದಿನಿಂದ ಅಪ್ಪ ಮನೆಯಲ್ಲಿ ಸ್ವಲ್ಪ ದನಿ ಎತ್ತಿದರೂ ಸಾಕು, ಅತ್ತೆ ಅವ್ವನಿಗೆ ಸಮಾಧಾನ ಹೇಳುತ್ತಾರೆ: "ಅವುಂದೇನೂ ತಪ್ಪಿಲ್ಲ ಬುಡವ್ವ. ತಾರೀಕೇ ಅಂತದ್ದು."

"ಅಕ್ಕ, ನಾನು ಉಟ್ಟಿದ್ದು ರಾಗಿ ಕುಯ್ಲಲ್ಲಿ. ಆ ತಾರೀಕು ಇಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು ಬರ್ಕೊಂಡಿದ್ದು. ನಮ್ ಕ್ಲಾಸಲ್ಲಿ ಅರ್ಧ ಜನಕ್ಕೆ ಅದೇ ತಾರೀಕು!" ಎಂದು ಅಪ್ಪ ಕೂಗುತ್ತಾರೆ.

"ನೋಡ್ದಾ, ಎಂಗ್ ಕೂಗ್ತಾನೆ!" ಎನ್ನುತ್ತಾರೆ ಅತ್ತೆ.

ಹೀಗೆ ಒಂದೊಂದು ತಾರೀಕಿನ ಜುಟ್ಟು ಹಿಡಿದಿರುವ ಅತ್ತೆ ವರ್ಷದಲ್ಲಿ ಒಂದೇ ಒಂದು ದಿನ ಪೇಪರ್ ಮುಟ್ಟುವುದಿಲ್ಲ. ಅದು ಮಾವ ಹೋದ ದಿನ. ಬೆಳಿಗ್ಗೆ ಅಣೆಕಟ್ಟೆಗೆ ಹೊರಟವರು ಎದೆ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕುಳಿತರು, ಏಳಲಿಲ್ಲ. ವರ್ಷಕ್ಕೊಮ್ಮೆ ಮಾವನಿಗಿಡುವ ಎಡೆಯನ್ನು ತಿಥಿ ನೋಡಿ ಬೇರೆ ದಿನ ಇಡುತ್ತಾರೆ, ಅದು ನೆಂಟರಿಗಾಗಿ. ಅತ್ತೆಗೆ ಲೆಕ್ಕಕ್ಕಿರುವುದು ಇಂಗ್ಲಿಷ್ ತಾರೀಕೇ. ಆ ದಿನ ಪೇಪರು ಹುಡುಗ ಎಸೆದಲ್ಲೇ ಜಗಲಿಯಲ್ಲಿ ಮಡಿಚಿಕೊಂಡು ಬಿದ್ದಿರುತ್ತದೆ. ಅಂದು ಯಾರು ಹುಟ್ಟಿದ್ದರು, ಯಾವ ಹಡಗು ಮುಳುಗಿತು, ಯಾರೂ ಅತ್ತೆಯನ್ನು ಕೇಳುವುದಿಲ್ಲ.

ಹೋದ ವರ್ಷ ನಾನು ಬಸುರಿ. ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮನ ಮುಖ ಗಂಭೀರವಾಯಿತು. ಮಗುವಿನ ಸುತ್ತ ನೀರು ಕಡಿಮೆಯಾಗಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಅವ್ವ ಬೆರಳು ಮಡಿಚಿ ತಾರೀಕು ಎಣಿಸಿದವರು ಹಾಗೇ ನಿಂತುಬಿಟ್ಟರು. ನಾಳೆ ಎಂದರೆ ಮಾವ ಹೋದ ಅದೇ ದಿನ!

"ಒಂದಿನ ಮುಂದುಕ್ಕಾಕಕ್ಕಾಯ್ತದಾ ಮೇಡಂ?" ಎಂದು ಅಪ್ಪ ಕೈಮುಗಿದು ಕೇಳಿದರು.

"ಯಾಕೆ, ಅಮಾವಾಸ್ಯೆನಾ?"

"ಅಲ್ಲ ಮೇಡಂ. ನಮ್ಮಕ್ಕ..." ಎಂದು ಶುರು ಮಾಡಿದ ಅಪ್ಪ, ಇದನ್ನು ಎಲ್ಲಿಂದ ವಿವರಿಸುವುದೆಂದು ತಿಳಿಯದೆ ಬಾಯಿ ಮುಚ್ಚಿಕೊಂಡರು. ಮುಳುಗಿದ ಹಡಗಿನಿಂದ ಶುರು ಮಾಡುವುದೇ, ಏಲಕ್ಕಿಯಿಂದಲೇ?

"ನೋಡಿ, ನಿಮ್ಮ ಅಕ್ಕ ಕಾಯಬಹುದು. ಮಗು ಕಾಯಲ್ಲ" ಎಂದರು ಡಾಕ್ಟರಮ್ಮ.

ಆಮೇಲೆ ಶುರುವಾಯಿತು ಗೊಂದಲ. ಹೇಳುವುದೋ, ಬಿಡುವುದೋ? ಹೇಳಿದರೆ ಅತ್ತೆ ಆ ದಿನ ನಗಬೇಕೋ, ಅಳಬೇಕೋ? ಮಗುವನ್ನು ಮುಟ್ಟದೆ ಹೋದರೆ? ಪ್ರತಿವರ್ಷ ಹುಟ್ಟಿದ ಹಬ್ಬಕ್ಕೆ ಮನೆಯ ಹಿರಿಯಳೇ ಬಾರದಿದ್ದರೆ? ಅವ್ವ ಒಂದು ಹೇಳಿದರು, ನನ್ನ ಗಂಡ ಒಂದು ಹೇಳಿದರು, ಕೊನೆಗೆ ಅಪ್ಪ ಫೋನು ಹಿಡಿದು, ಬಹಳ ಹೊತ್ತು ತಡವರಿಸಿ, "ಆಪರೇಸನ್ನು ನಾಳಿದ್ದು ಕಣಕ್ಕ. ಆರಾಮಾಗಿ ಬಾ" ಎಂದು ಒಂದು ಸುಳ್ಳು ಒಗೆದರು.

ಮರುದಿನ ಬೆಳಿಗ್ಗೆ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದಾರೆ, ಅತ್ತೆ ಬ್ಯಾಗು ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದಾರೆ! ಹುಣಸೂರಿನಿಂದ ಮೊದಲ ಬಸ್ಸಿಗೇ ಹತ್ತಿದ್ದರು.

"ನಿಂಗ್ಯಾರಕ್ಕ ಏಳಿದ್ದು?" ಎಂದರು ಅಪ್ಪ ತೊದಲುತ್ತಾ.

"ನೀನೇ ಏಳ್ದಲ್ಲೋ. ನಾಳಿದ್ದು ಅನ್ನಕ್ಕೆ ಯಾರಾದ್ರೂ ಅಷ್ಟೊತ್ತು ಯೋಚ್ನೆ ಮಾಡ್ತಾರಾ?" ಎಂದು ನನ್ನ ಹಣೆಯ ಮೇಲೆ ಕೈಯಿಟ್ಟರು. "ಎದ್ರಬ್ಯಾಡ ಕೂಸೇ, ಹೋಗಿ ಬಾ" ಎಂದರು. ಅಷ್ಟೇ. ಅವರ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಹೆಣ್ಣು ಮಗು. ನನ್ನನ್ನು ವಾರ್ಡಿಗೆ ತರುವ ಹೊತ್ತಿಗೆ ಮಗು ಅತ್ತೆಯ ಮಡಿಲಲ್ಲಿತ್ತು. ಸುತ್ತಲೂ ನಿಂತಿದ್ದ ನಮ್ಮವರನ್ನು ನೀವು ನೋಡಬೇಕಿತ್ತು! ಅವ್ವ ನಗಲು ಹೋಗಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಗಂಡ ಬಂದ ಫೋನಿಗೆಲ್ಲ, "ಹೂಂ, ಹೂಂ, ಆಯಿತು" ಎಂದು ಸಾವಿನ ಸುದ್ದಿ ಹೇಳುವವರಂತೆ ಪಿಸುಗುಡುತ್ತಿದ್ದರು. ಅಪ್ಪ ಮೈಸೂರುಪಾಕಿನ ಪೊಟ್ಟಣ ತಂದು, ಹಂಚಬೇಕೋ ಬೇಡವೋ ತಿಳಿಯದೆ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿಕೊಂಡಿದ್ದರು.

"ಅದೇನ್ಲಾ ಹಿಂದ್ಗಡೆ?" ಎಂದರು ಅತ್ತೆ.

"ಏನಿಲ್ಲ ಕಣಕ್ಕ."

"ಏನಿಲ್ಲ ಅಂದ್ರೆ ತುಪ್ಪದ ವಾಸ್ನೆ ಎಲ್ಲಿಂದ ಬತ್ತದೆ? ಕೊಡೋ ಎಲ್ಲಾರ್ಗೂ. ಆ ನರ್ಸಮ್ಮನ್ಗೂ ಕೊಡು."

ಅಪ್ಪ ಹಂಚಿದರು. ಅತ್ತೆಯೂ ಒಂದು ತುಂಡು ತಗೊಂಡರು. ಆದರೆ ಬಾಯಿಗಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಮಗುವನ್ನೇ ನೋಡುತ್ತಾ ಕುಳಿತರು. ಮಗು ಬಾಯಿ ಸೊಟ್ಟಗೆ ಮಾಡಿ ಆಕಳಿಸಿತು.

"ಈ ತಾರೀಕ್ಗೆ ನನ್ನತ್ರ ಒಂದೇ ಸುದ್ದಿ ಇತ್ತು ಕಣವ್ವ," ಎಂದರು ಅತ್ತೆ, ನನಗೋ ಮಗುವಿಗೋ ಗೊತ್ತಿಲ್ಲ. "ಈಗ ಎರಡಾಯ್ತು."

ಅತ್ತೆ ಮೈಸೂರುಪಾಕನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿ, ಅಪ್ಪನ ಕಡೆ ತಿರುಗಿ, "ಹೋಗಿ ಒಂದು ಪೇಪರ್ ತಗೊಂಡ್ ಬಾ" ಎಂದರು.

"ಇವತ್ತಿಂದಾ ಅಕ್ಕ?"

"ಇನ್ಯಾವತ್ತಿಂದ್ಲಾ? ನಮ್ ಮಗೀನ್ ಜೊತೆ ಯಾರ್ಯಾರು ಉಟ್ಟವ್ರೆ, ನೋಡ್ಬ್ಯಾಡ್ವಾ?"

ಅಪ್ಪ ಆ ವಯಸ್ಸಿನಲ್ಲಿ ಮೆಟ್ಟಿಲು ಓಡಿಕೊಂಡೇ ಇಳಿದರು. ಪೇಪರ್ ಬಂತು. ಅತ್ತೆ ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪುಟ ಬಿಡಿಸಿ, ಮೂಲೆಯ ಅಂಕಣ ಹುಡುಕಿದರು. ಕನ್ನಡಕ ಹಾಕಿಕೊಂಡರು, ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಒಂದು ಸಾಲನ್ನೂ ಓದಲಾಗಲಿಲ್ಲ. ಪೇಪರನ್ನು ನನ್ನ ಹಾಸಿಗೆಯ ಮೇಲಿಟ್ಟು, "ಕಣ್ಣು ಮಂಜಾಗ್ತಾವೆ. ನೀನೇ ಓದು. ಒಸಿ ಗಟ್ಟಿಯಾಗಿ ಓದು, ಮಗಿಗೂ ಕೇಳ್ಲಿ" ಎಂದರು.

ನಾನು ಮಲಗಿದ್ದಲ್ಲಿಂದಲೇ ಓದತೊಡಗಿದೆ.