ಹಕ್ಕಿ ರೊಟ್ಟಿ

ನನ್ನ ಸೋದರಮಾವನಿಗೆ ಸ್ವಂತದ್ದು ಅಂತ ಒಂದು ನಾಲಿಗೆಯೇ ಇಲ್ಲ!

ಗಾಬರಿಯಾಗಬೇಡಿ. ಊಟಕ್ಕೆ, ಉಪ್ಪಿನಕಾಯಿಗೆ, ಎರಡನೆಯ ಸಲದ ಪಾಯಸಕ್ಕೆ ಬೇಕಾದ ನಾಲಿಗೆ ಧಾರಾಳವಾಗಿಯೇ ಇದೆ. ಇಲ್ಲದಿರುವುದು ಮಾತಾಡುವ ನಾಲಿಗೆ. ಅದನ್ನು ಅವರು ಎದುರಿಗೆ ಸಿಕ್ಕವರಿಂದ ಆಗಿಂದಾಗ ಕಡ ತಂದುಕೊಳ್ಳುತ್ತಾರೆ. ಮಲಯಾಳಿಯ ಜೊತೆ ಎರಡು ಮಾತಾಡಿದರೆ ಸಾಕು, ಮೂರನೆಯ ಮಾತಿಗೆ ಮಾವನ ಕನ್ನಡ ಮೂಗಿನೊಳಗೊಂದು ಸುತ್ತು ಹೊಡೆದು ಹೊರಗೆ ಬರುತ್ತದೆ. ಕಾಫಿ ಪಿಕಿಂಗಿಗೆ ಬಂದ ತಮಿಳು ಹೆಂಗಸರು ಗೇಟಿನ ಹತ್ತಿರ ನೀರು ಕೇಳಿದರೆ, ಮಾವನ ಬಕಾರಗಳೆಲ್ಲ ಪಕಾರಗಳಾಗುತ್ತವೆ. ಪಕ್ಕದ ಮನೆಯ ಕೊಡವ ಅಜ್ಜ ಬೇಲಿಯಾಚೆಯಿಂದ ಕೂಗಿದರಂತೂ ಮಾವನ ಬೆನ್ನು ನೆಟ್ಟಗಾಗಿ, ಗಂಟಲಿಗೆ ಮಿಲಿಟರಿಯ ಗತ್ತು ಬಂದುಬಿಡುತ್ತದೆ. ಮಾವ ಜೀವಮಾನದಲ್ಲಿ ಹಿಡಿದ ಅತಿ ದೊಡ್ಡ ಆಯುಧ ಹಲಸಿನಹಣ್ಣು ಕೊಯ್ಯುವ ಕತ್ತಿ!

ಮನೆಗೆ ಫೋನ್ ಬಂದರೆ ಯಾರದ್ದೆಂದು ಅತ್ತೆ ಕೇಳುವುದೇ ಇಲ್ಲ. ಮಾವನ ಮಾತು ಕೇಳಿದರೆ ಗೊತ್ತಾಗುತ್ತದೆ. ಒಮ್ಮೆ ಮಾತ್ರ ಮೋಸಹೋದರು. ಮಾವ ಜಗಲಿಯಲ್ಲಿ ಕೂತು, ಎಂದೂ ಇಲ್ಲದ ಸವಿದನಿಯಲ್ಲಿ, "ದಯವಿಟ್ಟು ನಿರೀಕ್ಷಿಸಿ ಅನ್ನುತ್ತೀರಲ್ಲ, ನಿರೀಕ್ಷಿಸುತ್ತಲೇ ಇದ್ದೇನೆ, ನಿಮ್ಮ ಸಹಕಾರಕ್ಕೆ ಧನ್ಯವಾದಗಳು" ಎಂದು ಉಲಿಯುತ್ತಿದ್ದರು. ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಯಾರ್ರೀ ಅವಳು?" ಎಂದರು. ಯಾರೂ ಅಲ್ಲ. ಗ್ಯಾಸ್ ಬುಕ್ ಮಾಡುವ ನಂಬರಿನ ಯಂತ್ರದ ಹುಡುಗಿ!

ಇದು ಹೇಗೆ ಅಂಟಿಕೊಂಡಿತು ಎನ್ನುವುದಕ್ಕೆ ನನ್ನದೊಂದು ಸಿದ್ಧಾಂತವಿದೆ. ಮಾವನದು ಮಡಿಕೇರಿಯ ಅರ್ಚಕರ ಮನೆತನ. ಪೂಜೆ ಅಣ್ಣನ ಪಾಲಿಗೆ ಹೋಯಿತು, ಮಾವನಿಗೆ ಸರ್ಕಾರಿ ಕಚೇರಿಯೊಂದರ ಕೌಂಟರು ಸಿಕ್ಕಿತು. ಕೊಡಗಿನ ಕೌಂಟರು ಎಂದರೆ ಸಾಮಾನ್ಯವೇ? ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಉರ್ದು ಎಲ್ಲವೂ ಕನ್ನಡದ ಅಂಗಿ ತೊಟ್ಟುಕೊಂಡು ಆ ಕಿಂಡಿಯಲ್ಲಿ ಮುಖ ತೋರಿಸುತ್ತವೆ. ಅವರವರ ಹಾಗೆ ಮಾತಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ಶುರುವಾದದ್ದು ಚಟವಾಯಿತು. ನಿವೃತ್ತರಾಗಿ ಮೂರ್ನಾಡಿಗೆ ಬಂದು ನೆಲೆಸಿದ ಮೇಲೂ ಕೌಂಟರು ಬಾಯಿಯಲ್ಲೇ ಉಳಿಯಿತು.

ಮೂರ್ನಾಡಿನಲ್ಲಿ ಕೇರಳದವರೊಬ್ಬರು ಬೇಕರಿ ತೆರೆದರು. ಮಾವ ಮೊದಲ ದಿನವೇ ಹೋಗಿ, "ಚೇಟ್ಟಾ, ಒಳ್ಳೇ ಚಿಪ್ಸ್ ಉಂಟಲ್ಲೇ?" ಎಂದರು. ಬೇಕರಿಯವರ ಮುಖ ಅರಳಿತು. "ಸಾರಿನ ನಾಡು ಎವಿಡೆಯಾ?" ಎಂದು ಊರು ಕೇಳಿದರು. ಈಗ ಮಾವ ಏನು ಹೇಳಬೇಕು? ಮಡಿಕೇರಿ ಎಂದರೆ, ಹಾಗಾದರೆ ಇಷ್ಟು ಹೊತ್ತು ನನ್ನನ್ನು ಅಣಕಿಸಿದ್ದೇ ಎಂದಾಗುತ್ತದೆ. ಗಾಬರಿಯಲ್ಲಿ "ಕಣ್ಣೂರು" ಎಂದುಬಿಟ್ಟರು!

ಅಂದಿನಿಂದ ಮಾವ ಕಣ್ಣೂರಿನವರಾದರು. ಓಣಂ ಬಂದರೆ ಪಾಯಸದ ತೂಗುಪಾತ್ರೆ ಮನೆಗೆ ಬರುತ್ತಿತ್ತು. ಒಂದು ದಿನ ಬೇಕರಿಯವರು ದೊಡ್ಡದೊಂದು ಪ್ಲಮ್ ಕೇಕು ಕಟ್ಟಿಕೊಟ್ಟು, "ಸಾರ್ ಊರಿಗೆ ಹೋಗುವಾಗ ನನ್ನ ಚೇಚಿಗೆ, ಅಕ್ಕನಿಗೆ, ಕೊಡಬೇಕು, ಕಣ್ಣೂರಲ್ಲೇ ಮನೆ" ಎಂದರು. ಬೇರೆ ಯಾರಾದರೂ ಆಗಿದ್ದರೆ ಕೇಕನ್ನು ತಾವೇ ತಿಂದು ಮುಗಿಸುತ್ತಿದ್ದರು. ನಮ್ಮ ಮಾವ ವಿರಾಜಪೇಟೆಗೆ ಹೋಗಿ, ಬಸ್ಸು ಹಿಡಿದು, ಮಾಕುಟ್ಟದ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಇಳಿದು, ಮನೆ ಹುಡುಕಿ ಕೇಕು ಕೊಟ್ಟು ಬಂದರು. ಆ ಚೇಚಿ ಊಟ ಹಾಕಿ ಕಳಿಸಿದರಂತೆ. ಮಾವ ಮರಳಿ ಬಂದಾಗ ಕೈಯಲ್ಲಿ ಹಲಸಿನಕಾಯಿ ಚಿಪ್ಸು, ಬಾಯಲ್ಲಿ ಅಪ್ಪಟ ಹೊಸ ರಾಗ. ಅತ್ತೆಗೆ ಒಂದು ವಾರ ಗಂಡನ ಕನ್ನಡವೇ ಅರ್ಥವಾಗಲಿಲ್ಲ!

ಇಲ್ಲಿಯವರೆಗೆ ಇದೊಂದು ನಿರುಪದ್ರವಿ ಕಾಯಿಲೆ ಅನ್ನೋಣ. ಆದರೆ ಮದುವೆ, ಮುಂಜಿಗಳಲ್ಲಿ ಊಟದ ಹೊತ್ತಿಗೆ ಯಾರಾದರೂ ಒಬ್ಬರು, "ಆ ಬಸ್ಸಿನದ್ದು ಆಗಲಿ!" ಎಂದು ಎತ್ತಿಕೊಡುತ್ತಾರೆ. ಮಾವ ಎಲೆಯ ಮುಂದೆಯೇ ಶುರುಮಾಡುತ್ತಾರೆ. ಮಡಿಕೇರಿಯಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ. ಭಟ್ಟರು ಪಂಚಾಂಗ ತೆಗೆದು, ರಿಪೇರಿಗೆ ಮುಹೂರ್ತ ಹುಡುಕುತ್ತಾರೆ. ಕೊಡವರು ಇಳಿದು ಇಂಜಿನ್ನಿಗೇ ಅಟೆನ್ಶನ್ ಹೇಳುತ್ತಾರೆ. ಅಷ್ಟರಲ್ಲಿ ಮಲಯಾಳಿ ಬಸ್ಸಿನ ನೆರಳಿನಲ್ಲಿ ಚಹದ ಅಂಗಡಿ ಇಟ್ಟಾಗಿದೆ! ಕೊನೆಗೆ ಹಾಸನದ ಕಡೆಯ ಗೌಡರು ಬುತ್ತಿ ಬಿಚ್ಚಿ, "ಓಗ್ಲಿ ಬುಡಿ, ಒಟ್ಟೆಗಾಕ್ಕಂಡು ಒಂಟೋಗಣ" ಎನ್ನುತ್ತಾರೆ. ಆ ಗೌಡರ ಪಾತ್ರವೇ ಮಾವನ ಕಿರೀಟ. ಅದಕ್ಕೆ ಒನ್ಸ್ ಮೋರ್ ಬೀಳುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವನು. ಅಂದರೆ ಯಾವ ಜೋಕಿಗೂ ತಕ್ಷಣ ನಗಲಾರದವನು. ಒಂದು ಸಲ ಮಾವನನ್ನು ಹಿಡಿದು ಕೂರಿಸಿ ಪಾಠ ಹೇಳಿದೆ. "ಮಾವ, ಒಂದು ಜನವನ್ನೇ ಒಂದು ಅಚ್ಚಿನಲ್ಲಿ ಒತ್ತಿ ನಗೋದು ತಪ್ಪು."

"ಮೊದಲ ಪೆಟ್ಟು ನಮ್ಮ ಭಟ್ಟರಿಗೇ ಬೀಳ್ತದಲ್ವೋ?"

"ನಿಮ್ಮ ಕೆನ್ನೆಗೆ ನೀವು ಹೊಡ್ಕೊಂಡ್ರೆ ಬೇರೆಯವರ ಕೆನ್ನೆಗೆ ಹೊಡೆಯೋ ಲೈಸೆನ್ಸ್ ಸಿಗುತ್ತಾ?"

"ಹೊಡೆಸಿಕೊಂಡವರೂ ನಗ್ತಾರಲ್ಲ ಮಾರಾಯ! ಅಳುವವರು ಯಾರಾದ್ರೂ ಇದ್ರೆ ಕರ್ಕೊಂಡು ಬಾ, ನೋಡುವ."

ಕರೆದುಕೊಂಡು ಬರಲು ನನ್ನ ಹತ್ತಿರ ಯಾರೂ ಇರಲಿಲ್ಲ. ನನಗೂ ಎಲ್ಲರೂ ನಕ್ಕಿದ್ದೇ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವವನಲ್ಲ. ಮಾವನ ಮಗನ ಉಪನಯನದಲ್ಲಿ ಆ ಕೊಡವ ಅಜ್ಜ ತೊಡೆ ತಟ್ಟಿಕೊಂಡು ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನನ್ನು ಕೇಳಿದರೆ, "ಆಗ ಅವರು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ರಲ್ಲೋ" ಎನ್ನುತ್ತಾಳೆ. ಹಾಗಾದರೆ ನನ್ನ ನೆನಪಿನಲ್ಲಿ ಇಂದಿಗೂ ತಟ್ಟಿಸಿಕೊಳ್ಳುತ್ತಿರುವ ಆ ತೊಡೆ ಯಾರದ್ದು? ತಮ್ಮ ಸರದಿ ಬಂದಾಗ ಜನ ನಿಜವಾಗಿ ನಕ್ಕರೋ, ಬರೀ ಹಲ್ಲು ತೋರಿಸಿದರೋ? ಯಾರು ನೋಡಿದ್ದಾರೆ? ಆ ಹೊತ್ತಿಗೆ ನಾವೆಲ್ಲ ನೋಡುತ್ತಿದ್ದದ್ದು ಮಾವನನ್ನು!

ಇಂಥ ಮಾವನ ಮಗಳು ವಿದ್ಯಾ ಒಬ್ಬನನ್ನು ಪ್ರೀತಿಸಿದಳು. ಹುಡುಗ ಯೋಗೇಶ, ಪಶುವೈದ್ಯ. ಮಾವನ ಹಸು ಕರು ಹಾಕಲಾರದೆ ಒದ್ದಾಡಿದಾಗ ಬಂದವನು. ಹಸು ಕರು ಎರಡೂ ಉಳಿದವು, ವಿದ್ಯಾ ಉಳಿಯಲಿಲ್ಲ! ಮಾವನಿಗೂ ಹುಡುಗ ಹಿಡಿಸಿದ್ದ. ಜಾತಿ ಬೇರೆ ಎಂದು ಅತ್ತೆ ಎರಡು ದಿನ ಮೂಗು ಒರೆಸಿಕೊಂಡು, ಮೂರನೆಯ ದಿನ ಅವನ ಸಂಬಳ ವಿಚಾರಿಸಿದರು. ಎಲ್ಲ ಸರಿಹೋಯಿತು ಎನ್ನುವಾಗ ವಿದ್ಯಾ ಬಾಂಬು ಹಾಕಿದಳು. "ಅವರದ್ದು ಶನಿವಾರಸಂತೆ ಕಡೆ. ಅಪ್ಪ ಅಮ್ಮ ಭಾನುವಾರ ಬರ್ತಾರೆ."

ಶನಿವಾರಸಂತೆ! ಹಾಸನಕ್ಕೆ ಹೆಗಲು ತಾಗಿಸಿಕೊಂಡ ಊರು. ಹೊಟ್ಟೆ ಒಟ್ಟೆಯಾಗುವ ಸೀಮೆ. ಮಾವ ದಂಗಾದರು. "ಹುಡುಗನ ಮಾತಲ್ಲಿ ಹಕಾರ ಇತ್ತಲ್ಲೇ!"

"ಓದಿ ಕಲ್ತದ್ದು. ಅವರಮ್ಮನಿಗೆ ಇಲ್ಲ. ಅಪ್ಪ, ಅವರಿಗೆ ನಮ್ಮ ಮನೆಯವರು ಹೇಗೋ ಏನೋ ಅಂತ ಮೊದಲೇ ಅಳುಕು. ಅವರು ಬೇಡ ಅಂದ್ರೆ ಯೋಗೇಶ ಮುಂದೆ ಬರಲ್ಲ. ನೀವು ಅವತ್ತು ಬಾಯಿ ಬಿಡಬಾರದು. ಬಿಟ್ರೆ ನನ್ನ ಮದುವೆ ಮುಗೀತು."

ಮಾವ ತಲೆಯಾಡಿಸಿದರು. ಆ ತಲೆಯನ್ನು ಯಾರು ನಂಬುತ್ತಾರೆ? ವಿದ್ಯಾಳಿಂದ ನನಗೆ ಫೋನ್ ಬಂತು. ಊಟದ ಮೇಜಿನಲ್ಲಿ ಮಾವನ ಪಕ್ಕ ಕೂರಬೇಕು, ಅಪಾಯದ ಸೂಚನೆ ಕಂಡರೆ ಕಾಲು ತುಳಿಯಬೇಕು. ಎಂ.ಎ. ಓದಿದ್ದಕ್ಕೆ ಸಿಕ್ಕ ಮೊದಲ ಜವಾಬ್ದಾರಿಯ ಕೆಲಸ!

ಭಾನುವಾರ ಅವರು ಬಂದರು. ಯೋಗೇಶನ ಅಪ್ಪ ಎತ್ತರದ ಆಳು, ಮಾತು ಕಡಿಮೆ. ಅಮ್ಮ ಸಣ್ಣ ಜೀವ, ಗರಿಗರಿ ಸೀರೆ. ಹೊಸ್ತಿಲು ದಾಟುತ್ತಲೇ ಕೈ ಮುಗಿದು, ಪರೀಕ್ಷೆಗೆ ಬಂದ ಮಗುವಿನ ಹಾಗೆ ಉಸಿರೆಳೆದುಕೊಂಡು ಹೇಳಿದರು. "ಹೆಲ್ಲಾ ಹಾರಾಮಾ?"

ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. "ನಿಮ್ಮ ಹೂರು ಬಾಳ ಚೆನ್ನಾಗಿದೆ" ಎಂದರು. ಪಾನಕ ಕುಡಿದು ಅದರ ಏಲಕ್ಕಿಯನ್ನು ಹೊಗಳಿದರು. ಏಲಕ್ಕಿಗೆ ಹಕಾರ ಸೇರಿದರೆ ಏನಾಗುತ್ತದೆ ಎಂದು ಕನ್ನಡ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ! ಅತ್ತೆ ಲೋಟವನ್ನೊಮ್ಮೆ ಬಗ್ಗಿ ನೋಡಿದರು. ಮಾವನ ಕಿವಿ ಕೆಂಪಾಯಿತು. ಯೋಗೇಶ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದ.

ಊಟಕ್ಕೆ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎರಡೂ ಮನೆಗೆ ಒಗ್ಗುವ ಅಡಿಗೆ ಎಂದು ಅತ್ತೆ ಯೋಚಿಸಿ ಮಾಡಿದ್ದು. ಆ ತಾಯಿ ಒಂದು ತುತ್ತು ತಿಂದು ಅತ್ತೆಯ ಕಡೆ ತಿರುಗಿ, "ಹಕ್ಕಿ ರೊಟ್ಟಿ ಬಾಳ ಮೆತ್ತಗಿದೆ. ಹೆಷ್ಟು ಹಕ್ಕಿ ಹಾಕಿದ್ರಿ?" ಎಂದರು.

ನನ್ನ ತಲೆಯೊಳಗೆ ಗಿಳಿ, ಗೊರವಂಕ, ಮರಕುಟಿಗ ಎಲ್ಲವೂ ಪಟಪಟನೆ ಎದ್ದು ಹಾರಿದವು. ಅರ್ಚಕರ ಮನೆತನದ ಅಡಿಗೆಮನೆಯಲ್ಲಿ ಹಕ್ಕಿ! ಪಕ್ಕದಲ್ಲಿ ಮಾವನ ತುಟಿ ಕುದಿಯುವ ಹಾಲಿನ ಮೇಲಿನ ಕೆನೆಯ ಹಾಗೆ ನಡುಗುತ್ತಿತ್ತು. ಇನ್ನು ತಡವಿಲ್ಲ ಎಂದು ನಾನು ಮೇಜಿನಡಿ ಪೂರ್ಣ ಶಕ್ತಿಯಿಂದ ತುಳಿದೆ.

"ಯಾಕಪ್ಪಾ, ನನ್ ಕಾಲ್ ತುಳೀತೀಯಾ?" ಎಂದರು ಯೋಗೇಶನ ಅಪ್ಪ.

ಅದೇ ಗಳಿಗೆಯಲ್ಲಿ ಮಾವನ ಬಾಯಿ ತೆರೆಯಿತು. "ಹಿನ್ನೊಂದು ಹಕ್ಕಿ ರೊಟ್ಟಿ ಹಾಕಿಸ್ಕೊಳ್ಳಿ ಹಮ್ಮಾ!"

ವಿದ್ಯಾಳ ಮುಖ ಬಿಳಿಚಿತು. ಆ ತಾಯಿ ರೊಟ್ಟಿಯನ್ನು ತಟ್ಟೆಯಲ್ಲಿ ಇಟ್ಟರು.

"ಅಣಕುಸ್ತಾ ಇದ್ದೀರಾ?"

ಈ ಸಲ ಹಕಾರದ ಸುಳಿವಿಲ್ಲ. ಮಾವ ಕೈ ಜೋಡಿಸಿ ಎದ್ದುನಿಂತರು. "ಇಲ್ಲ ತಾಯಿ, ಇಲ್ಲ. ನನಗಿದೊಂದು ರೋಗ. ಎದುರಿಗಿದ್ದವರ ಮಾತು ಅಂಟಿಕೊಳ್ತದೆ." ಅತ್ತೆ ಗಂಡನ ಪರವಾಗಿ ಕಣ್ಣೂರಿನ ಕೇಕಿನ ಕತೆ ಹೇಳಿದರು. ಯೋಗೇಶನ ಅಪ್ಪ ಮೊದಲು ತಡೆದುಕೊಂಡರು. ಘಾಟಿಯ ವಾಂತಿಯ ಹೊತ್ತಿಗೆ ಆಗಲಿಲ್ಲ, ಮೇಜು ಗುದ್ದಿ ನಕ್ಕರು. ನಗುವಿನ ಭರದಲ್ಲಿ ಅವರ ಬಾಯಿಯೂ ಜಾರಿತು. "ನಾವೇನ್ ಕಮ್ಮಿನಾ? ಪುಳ್ಚಾರ್ ಮನೇಲಿ ಒಟ್ಟೆ ತುಂಬ ಇಕ್ಕಲ್ಲ ಅಂತ ಮಡಿಕೇರೀಲಿ ಇಳ್ದು ಒಂದೊಂದ್ ಬಿರಿಯಾನಿ ಒಡ್ದೇ ಬಂದಿದ್ದು!"

"ಏನು? ನಮ್ಮನೇಲಿ ಹೊಟ್ಟೆ ತುಂಬಲ್ವಾ?" ಎಂದು ಅತ್ತೆ ಸೊಂಟಕ್ಕೆ ಕೈ ಕೊಟ್ಟರು. ಯೋಗೇಶನ ಅಪ್ಪನ ತಟ್ಟೆಗೆ ದಬದಬನೆ ರೊಟ್ಟಿಗಳು ಬಿದ್ದವು. ಬಿರಿಯಾನಿಯ ಮೇಲೆ ಇಷ್ಟು ರೊಟ್ಟಿ ಎಲ್ಲಿಗೆ ಹೋಗಬೇಕು ಎಂದು ಅವರು ಕಣ್ಣು ಕಣ್ಣು ಬಿಟ್ಟರು. ಮಾವ ನಕ್ಕರು, ನಾನು ನಕ್ಕೆ, ಯೋಗೇಶನೂ ನಕ್ಕ. ಬಚಾವಾದೆವು ಎಂದುಕೊಂಡೆ.

ಒಬ್ಬರು ನಗುತ್ತಿರಲಿಲ್ಲ. ಈ ಸಲ ನಾನು ಮಾವನನ್ನು ನೋಡುತ್ತಿರಲಿಲ್ಲವಾದ್ದರಿಂದ ಕಂಡಿತು. ಇದು ನನ್ನ ನೆನಪಿನ ಮೋಸವಲ್ಲ. ವಿದ್ಯಾಳನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

"ನಿಮ್ಮನೇಗೆ ಬರ್ಬೇಕು ಅಂತ ವಾರದಿಂದ ಒಲೆ ಮುಂದೆ ನಿಂತು ಕಲ್ತೆ" ಎಂದರು ಆ ತಾಯಿ, ತಟ್ಟೆ ನೋಡುತ್ತ. "ಎಲ್ಲಿ ಆಕ್ಬೇಕು, ಎಲ್ಲಿ ಆಕ್ಬಾರ್ದು ಗೊತ್ತಾಗ್ಲಿಲ್ಲ. ಎಲ್ಲಾದ್ಕೂ ಆಕ್ದೆ."

ನಗು ಒಂದೊಂದಾಗಿ ಉದುರಿತು.

"ಇಸ್ಕೂಲಲ್ಲಿ ಮೇಷ್ಟ್ರು ಬೇಕಂತಲೇ ನನ್ನೇ ಎಬ್ಬಿಸೋರು. ಅಳ್ಳದ ಅತ್ರ ಅಳದಿ ಊವು, ಓದು ಅನ್ನೋರು. ನಾನು ಓದೋದು, ಎಲ್ರೂ ನಗೋದು. ನಾನೂ ನಗ್ತಿದ್ದೆ. ನಗ್ದೆ ಇನ್ನೇನ್ ಮಾಡ್ಲಿ? ಆಮೇಕೆ ಇಸ್ಕೂಲೇ ಬುಟ್ಟೆ."

ಯೋಗೇಶ ತಲೆಯೆತ್ತಿ ಅಮ್ಮನನ್ನು ನೋಡಿದ. ಅವನಿಗೂ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಮಾವ ಇನ್ನೂ ನಿಂತೇ ಇದ್ದರು.

ಆ ತಾಯಿ ವಿದ್ಯಾಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾವನ ಕಡೆ ತಿರುಗಿದರು. "ನನ್ನ ಅಣಕಿಸ್ಕಳಿ, ಓಗ್ಲಿ. ನಾಳೆ ಒಂದ್ ಮಗ ಆಯ್ತದೆ. ಅದು ನಮ್ಮನೇಲೂ ಬೆಳೀತದೆ, ನನ್ನಂಗೇ ಮಾತಾಡ್ತದೆ. ನಿಮ್ಮನೇಗೆ ಬಂದು ತಾತ, ಆಲು ಅಂತದೆ. ಅವಾಗ ನೀವು ಆಲೂಗಡ್ಡೆ ತಂದ್ಕೊಟ್ಟು ನಗ್ಬಾರ್ದು. ಆಲೇ ಕೊಡ್ಬೇಕು. ಒಪ್ತೀರಾ?"

ಮಾವ ಗಂಟಲು ಸರಿಮಾಡಿಕೊಂಡರು. ನಾನು ಮೇಜಿನಡಿ ಕಾಲೆತ್ತಿದೆ. ಯಾರ ಕಾಲು ಎಲ್ಲಿದೆ ಎಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡೆ.

"ಆಲೇ ಕೊಡ್ತೀನಿ ತಾಯಿ" ಎಂದರು ಮಾವ.

ವಿದ್ಯಾ ಕಣ್ಣು ಮುಚ್ಚಿಕೊಂಡಳು. ಆಡಿದ್ದೇನೆಂದು ಮಾವನಿಗೆ ಆಗ ಕೇಳಿಸಿತು. ಮುಖವೆಲ್ಲ ಬೆವರಿತು. "ಅಯ್ಯೋ, ಬೇಕಂತ ಅಲ್ಲ ತಾಯಿ..." ಎಂದು ತೊದಲಿದರು. ಆ ತಾಯಿ ಅವರ ಕಣ್ಣಿನಲ್ಲಿ ಏನನ್ನೋ ಹುಡುಕುವ ಹಾಗೆ ನೋಡುತ್ತಲೇ ಇದ್ದರು. ಸಿಕ್ಕಿತೋ ಇಲ್ಲವೋ, ನಾನು ಹೇಳಲಾರೆ. ಎಡಗೈಯಿಂದ ರೊಟ್ಟಿಯ ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಬಿಸಿ ಮಾಡಿ ಕೊಡಿ" ಎಂದರು. "ತಣ್ಣಗಿರದು ಕೊಟ್ರೆ ಮಗೀಗೆ ನೆಗಡಿ ಆಯ್ತದೆ."