ಮೂಗಿನೊಳಗಿನ ಕವಾಯತು

ಮನೆಯವರು ಮಾತು ಕೇಳದಿದ್ದರೆ ಸಹಿಸಬಹುದು. ಸ್ವಂತ ಮೂಗೇ ಕೇಳದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಕವಾಯತು ಕಲಿಸಿ ನಿವೃತ್ತನಾದವನು. ಈಗಲೂ ಸ್ವಾತಂತ್ರ್ಯ ದಿನದಂದು ನಮ್ಮ ಓಣಿಯ ಧ್ವಜದ ಮುಂದೆ ‘ಸಾವಧಾನ್’ ಎನ್ನುವ ಅಧಿಕಾರ ನನ್ನದೇ. ಈ ಸಲ ಶ್ರಾವಣದ ಗಾಳಿಗೆ ಧೂಳೆದ್ದಿತು. ತಾಲೀಮಿನಲ್ಲಿ ‘ಸಾವ’ ಎಂದೆ. ಉಳಿದದ್ದು ಸೀನಾಗಿ ಹೊರಬಂತು. ದಿನವೂ ಇದೇ ಕಥೆ, ‘ವಿಶ್ರಾಮ್’ಗೂ ಸೀನೇ. ಕಿರಾಣಿ ಅಂಗಡಿಯ ಮೌಲಾಸಾಬರು ಮೆಲ್ಲಗೆ, “ಮಾಸ್ತರ, ಈ ಸಲ ಹುಕುಂ ಹೇಳೂ ಕೆಲಸ ಬ್ಯಾರೆ ಯಾರಿಗರ ಕೊಡೂಣೇನ್ರಿ?” ಎಂದರು. ಅಂದು ನನಗೆ ಊಟ ಸೇರಲಿಲ್ಲ.

ಜೀವಕೋಶಗಳ ಸಂಶೋಧನೆ ಮಾಡುವ ಮೊಮ್ಮಗಳು ವಿದ್ಯಾ ಮುಂಡರಗಿಯ ಮನೆಯಿಂದ ಬಂದಿದ್ದಳು. “ಅಜ್ಜಾ, ನಿನ್ನ ಮೂಗಿನ್ಯಾಗ ಕಾವಲು ಕಾಯೂ ಕೋಶ ಅದಾವ. ಧೂಳು ತಾಕಿದ ಕೂಡ್ಲೆ ಒಳಗ ಕೂಡಿಟ್ಟ ಕ್ಯಾಲ್ಸಿಯಂ ಬಿಡ್ತಾವ. ಆಮ್ಯಾಲೆ ಬಾಗಲಾ ತೆರದು ಹೊರಗಿಂದೂ ಒಳಗ ಬಿಟ್ಟುಕೊಂತಾವ. ಅದ ಅವಕ್ಕ ಹುಕುಂ. ತಮ್ಮ ಚೀಲಾ ಒಡದು ಮೂಗು ಕೆರಳಿಸೂ ರಸಾ ಚೆಲ್ತಾವ, ನಿನಗ ಸೀನು,” ಎಂದಳು. ಇನ್ನು ಕೆಲವು ಕೋಶಗಳು ಮೈಯೆಲ್ಲ ತಿರುಗುತ್ತ, ಕ್ಯಾಲ್ಸಿಯಂ ಏರಿದೊಡನೆ ಗಕ್ಕನೆ ನಿಲ್ಲುತ್ತವಂತೆ. ಏರಿದ್ದು ಬಹಳ ಹೊತ್ತು ನಿಂತರೆ ಕಾಳಗಕ್ಕೆ ಸಜ್ಜಾಗುತ್ತವೆ, ಬೇಗ ಇಳಿದರೆ ತಮ್ಮ ದಾರಿ ಹಿಡಿಯುತ್ತವೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಉದ್ದ ಸೀಟಿ, ಗಿಡ್ಡ ಸೀಟಿ. ಜೀವನವಿಡೀ ನಾನು ಊದಿದ್ದೂ ಅದನ್ನೇ.

ಕ್ಯಾಲ್ಸಿಯಂ ಎಂಬ ಆ ಸೀಟಿ ಕಸಿದುಕೊಂಡರೆ ಕವಾಯತು ನಿಲ್ಲಲೇಬೇಕಲ್ಲ? ಹಾಲು ಬಿಟ್ಟೆ, ಮೊಸರು ಬಿಟ್ಟೆ, ಎಲೆ ಅಡಿಕೆಗೆ ಸುಣ್ಣ ಹಚ್ಚುವುದನ್ನೂ ಬಿಟ್ಟೆ. ನಮ್ಮವಳು ನನ್ನ ಹಸಿರು ನಾಲಿಗೆ ನೋಡಿ, “ಇದು ಎಲಿ ಹಾಕ್ಕೊಳ್ಳೂದಲ್ರಿ, ಮೇಯೂದು,” ಎಂದಳು. ಸೀನು ಮಾತ್ರ ಜಗ್ಗಲಿಲ್ಲ. ವಿದ್ಯಾ ಹೊಟ್ಟೆ ಹಿಡಿದು ನಕ್ಕಳು: “ಅಜ್ಜಾ, ನೀ ತಿನ್ನೂದು ಬಿಟ್ರ ರಕ್ತ ಸುಮ್ಮನಿರತೈತೇನು? ನಿನ್ನ ಎಲುಬಿನ್ಯಾಗಿಂದ ಕಿತಗೊಂತೈತಿ.” ಅಂದರೆ ನನ್ನ ಸೀನಿಗೆ ನನ್ನ ಎಲುಬೇ ಸರಬರಾಜುದಾರ.

ಧ್ವಜಾರೋಹಣದ ದಿನ ಬಂದೇಬಿಟ್ಟಿತು. ಎದೆಯುಬ್ಬಿಸಿ ‘ಸಾವ’ ಎಂದೆ. ಸೀನು ಸಿಡಿಯಿತು. ಅದೇ ಗಳಿಗೆಗೆ ಇಡೀ ಓಣಿಯ ಹಿಮ್ಮಡಿಗಳು ಒಂದೇ ಸದ್ದಿನಲ್ಲಿ ಕೂಡಿದವು. ತಾಲೀಮಿನುದ್ದಕ್ಕೂ ಜನ ಕಲಿತದ್ದು ಅದೇ ಹುಕುಮನ್ನು. “ಏನ್ ಶಿಸ್ತ್ರಿ ಮಾಸ್ತರ, ಮುಂದಿನ ವರ್ಷಾನೂ ನೀವ,” ಎಂದು ಮೌಲಾಸಾಬರು ಪಿಸುಗುಟ್ಟಿದರು. ಧ್ವಜ ಏರಿತು, ಗೀತೆ ಮುಗಿಯಿತು. ನಾನು ಸ್ಪಷ್ಟವಾಗಿ, ಶುದ್ಧವಾಗಿ ‘ವಿಶ್ರಾಮ್’ ಎಂದೆ. ಒಬ್ಬನೂ ಅಲುಗಲಿಲ್ಲ. ಬೂಂದಿಯ ಬುಟ್ಟಿ ಕಾಯುತ್ತಿತ್ತು, ಸಾಲು ನನ್ನ ಮೂಗನ್ನೇ ನೋಡುತ್ತಿತ್ತು. ನಾನು ಮುಖವನ್ನು ಸೂರ್ಯನತ್ತ ಎತ್ತಿ, ಒಂದೇ ಒಂದು ಸೀನಿಗಾಗಿ ಒಳಗಿನ ಕಾವಲುಗಾರರಿಗೆ ಕೈಮುಗಿಯುತ್ತ ನಿಂತೆ.