ದೀಪ ಆರಿಸು ಎಂದ ತಪ್ಪಿಗೆ

ಕನ್ನಡಕದಂಗಡಿಯ ಯಜಮಾನರಿಗೆ ಈ ಜಗತ್ತಿನ ಮೇಲೆ ಒಂದೇ ಒಂದು ದೂರಿತ್ತು. ಕಂಡದ್ದನ್ನು ಕಾಣದಂತೆ ಮಾಡುವ ಕನ್ನಡಕವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ! ಹಿಡಿದಿದ್ದರೆ ಮೊದಲ ಗಿರಾಕಿ ಅವರೇ. ಅದನ್ನು ಮೂಗಿಗೇರಿಸಿಕೊಂಡು ತಮ್ಮ ಆ ಹಳೆಯ ವಿಡಿಯೋ ಗೇಮನ್ನು ಮೊದಲಿನಿಂದ ಆಡುತ್ತಿದ್ದರು.

ಗೇಮೆಂದರೆ ಢಂ ಢಂ ಎಂದು ಗುಂಡು ಹಾರಿಸುವುದಲ್ಲ. ತಗಡಿನ ಡಬ್ಬದಂಥ ಪುಟ್ಟ ಆಕಾಶನೌಕೆ, ಒಬ್ಬ ಸೂರ್ಯ, ಬೆರಳೆಣಿಕೆಯ ಗ್ರಹಗಳು, ಎಂದೋ ಕಾಣೆಯಾದ ಜನರ ಪಾಳುಮನೆಗಳು. ಹೋಗಬೇಕು, ನೋಡಬೇಕು, ಆ ಜನ ಏನಾದರೆಂದು ತಿಳಿಯಬೇಕು. ಅಂಕವಿಲ್ಲ, ಬಹುಮಾನವಿಲ್ಲ. ತಿಳಿವಳಿಕೆಯೇ ಸಂಪಾದನೆ, ತಿಳಿದ ಮೇಲೆ ಮುಗಿಯಿತು. (ಮದುವೆಯೂ ಹೀಗೇ ಎನ್ನುವವರಿದ್ದಾರೆ. ಅವರು ಯಜಮಾನರ ಹೆಂಡತಿಯನ್ನು ಬಲ್ಲವರಲ್ಲ.)

ಮದುವೆಗೆ ಮುಂಚೆಯೇ ಅದನ್ನು ಆಡಿ ಮುಗಿಸಿದ್ದರು. ಆಮೇಲೆ ಎಷ್ಟು ಹೊಸ ಗೇಮು ತಂದರೂ ಒಂದೂ ಗಂಟಲಿಗಿಳಿಯಲಿಲ್ಲ. ಹಳೆಯದನ್ನೇ ಹಚ್ಚಿ, ಯಾವುದೋ ಗ್ರಹದ ದಂಡೆಯಲ್ಲಿ ನೌಕೆ ನಿಲ್ಲಿಸಿ, ಸೂರ್ಯ ಮುಳುಗುವುದನ್ನು ನೋಡುತ್ತ ಕೂರುತ್ತಿದ್ದರು.

"ಊಟ ಮುಗಿದ್ಮೇಲೂ ಖಾಲಿ ತಟ್ಟೆ ನೆಕ್ಕೋನ ಹಾಗೆ ಕೂತಿದ್ದೀಯಲ್ಲೋ!" ಎಂದು ತಾಯಿ ಗೊಣಗುತ್ತಿದ್ದರು.

ಕಡೆಗೊಂದು ದಿನ ಯಜಮಾನರಿಗೆ ದಿವ್ಯಜ್ಞಾನೋದಯವಾಯಿತು. ತಮಗೆ ಮರೆವು ಬರದಿದ್ದರೇನು, ಗೊತ್ತಿಲ್ಲದವರನ್ನು ಕೂರಿಸಿದರಾಯಿತು! ಹೆಂಡತಿ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಬೆಳಗಿನ ಪಾಳಿಯವಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಗಂಟೆಗಟ್ಟಲೆ ಹುಡುಕುವ ತಾಳ್ಮೆಯವಳು. ತಾವು ಮೊದಲ ಸಲ ಬೆರಗಾದ ಜಾಗಗಳಲ್ಲಿ ಅವಳ ಮುಖ ನೋಡಿದರೆ ಸಾಕಿತ್ತು ಅವರಿಗೆ.

"ಎಡಕ್ಕೆ ತಿರುಗಿಸು. ಎಡಕ್ಕೆ ಅಂದ್ರೆ ನಿನ್ನೆಡಕ್ಕೆ ಕಣೇ!"

"ನಂಗೆ ಇನ್ನೊಬ್ಬರ ಎಡ ಯಾಕ್ರೀ? ಸ್ವಲ್ಪ ಸುಮ್ನಿರಿ."

ಎರಡು ಸಲ ಸೂರ್ಯನೊಳಗೇ ನುಗ್ಗಿ ಬೂದಿಯಾದಳು. ಮೂರನೆಯ ಸಲಕ್ಕೆ ರುಚಿ ಹತ್ತಿತು. ಒಂದು ಪಾಳುಮನೆಯಲ್ಲಿ ನಿಂತು ಹೇಳಿದಳು: "ಈ ಜನ ಹೆದ್ರಿ ಓಡಿದ್ದಲ್ಲ ರೀ. ಮಕ್ಕಳ ಆಟದ ಸಾಮಾನು ಜೋಡಿಸಿಟ್ಟು ಹೋಗಿದ್ದಾರೆ, ನೋಡಿ." ಇಷ್ಟು ವರ್ಷ ಆ ಮನೆ ಹೊಕ್ಕು ಹೊರಟ ಯಜಮಾನರಿಗೆ ಇದು ಹೊಳೆದಿರಲಿಲ್ಲ. ಅಷ್ಟಕ್ಕೇ ತೃಪ್ತಿಪಟ್ಟುಕೊಂಡು ತೆಪ್ಪಗಿರಬಾರದಿತ್ತೇ?

ಮುಂದೆ ಬಂದದ್ದು ಕಲ್ಲಿನ ಬಾಗಿಲು. ಗೇಮಿನ ಜೀವವೇ ಆ ಬಾಗಿಲು. ಬೆಳಕು ಬಿದ್ದಷ್ಟು ಹೊತ್ತು ತೆರೆಯದು. ಕೈದೀಪ ಆರಿಸಿ ಕತ್ತಲಲ್ಲಿ ನಿಂತರೆ ತಾನೇ ಸರಿಯುತ್ತದೆ. ಹರೆಯದಲ್ಲಿ ಇದನ್ನು ಕಂಡುಕೊಂಡ ದಿನ ಯಜಮಾನರಿಗೆ ಮೈ ಜುಮ್ಮೆಂದಿತ್ತು. ಹೆಂಡತಿ ಬಾಗಿಲನ್ನು ತಳ್ಳಿದಳು, ಗೋಡೆ ತಡವಿದಳು, ಸುಮ್ಮನೆ ನಿಂತು ಯೋಚಿಸಿದಳು. ಯಜಮಾನರ ಹೊಟ್ಟೆಯಲ್ಲಿ ಗುಟ್ಟು ಕುದಿಯತೊಡಗಿತು. ಕುದಿದು, ಉಕ್ಕಿ, ಹೊರಗೆ ಚೆಲ್ಲಿಯೇಬಿಟ್ಟಿತು:

"ದೀಪ ಆರಿಸೇ!"

ಬಾಗಿಲು ತೆರೆಯಿತು. ಹೆಂಡತಿಯ ಮುಖ ಮುಚ್ಚಿತು.

ಬೈದಿದ್ದರೆ ಚೆನ್ನಾಗಿತ್ತು. "ನಾನೇ ಆರಿಸ್ತಿದ್ದೆ ರೀ. ಬೆರಳು ಅಲ್ಲೇ ಇತ್ತು," ಎಂದಳು ಮೆಲ್ಲಗೆ. "ಅಂಗಡೀಲಿ ಕಣ್ಣು ಪರೀಕ್ಷೆಗೆ ಬಂದೋರಿಗೆ ಅಕ್ಷರ ನೀವೇ ಓದಿ ಹೇಳ್ತೀರಾ?" ಕೈಯಲ್ಲಿದ್ದ ಗೇಮಿನ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಎದ್ದುಹೋದಳು.

ಯಜಮಾನರು ಕ್ಷಮೆ ಕೇಳಿದರು, ಆಣೆಯಿಟ್ಟರು, ಪಾತ್ರೆ ತೊಳೆದರು. "ಕೋಪ ಇಲ್ಲ ರೀ," ಎಂದಳೇ ಹೊರತು ಕಂಟ್ರೋಲರ್ ಮುಟ್ಟಲಿಲ್ಲ. ಆ ಬೆರಗು ಒಬ್ಬರಿಗೆ ಒಂದೇ ಸಲ ಸಿಗುವಂಥದ್ದು. ತಮ್ಮದನ್ನು ಉಂಡಾಗಿತ್ತು; ಅವಳದನ್ನು ಕಿತ್ತುಕೊಂಡಂತಾಯಿತು. ಅಂಗಡಿಯಲ್ಲಿ ಗಿರಾಕಿಗಳು ತಪ್ಪುತಪ್ಪಾಗಿ ಅಕ್ಷರ ಓದುವಾಗಲೆಲ್ಲ ಅವರಿಗೆ ಎದೆ ಚುರುಕ್ ಎನ್ನುತ್ತಿತ್ತು.

ಹೀಗಿರಲು ಒಂದು ಮಧ್ಯಾಹ್ನ ಗಾಜು ಕೊರೆಯುವ ಯಂತ್ರ ಕೆಟ್ಟು, ಯಜಮಾನರು ಅಂಗಡಿ ಮುಚ್ಚಿ ಮನೆಗೆ ಬಂದರು. ನಡುಮನೆಯಲ್ಲಿ ಪರದೆ ಎಳೆದಿತ್ತು. ಹೆಂಡತಿಯ ಕೈಯಲ್ಲಿ ಕಂಟ್ರೋಲರ್! ಪಕ್ಕದಲ್ಲಿ, ಟಿವಿಯ ರಿಮೋಟ್ ಕಂಡರೇ ಕೈಮುಗಿಯುವ ತಾಯಿ, ಕಣ್ಣು ಕೀಲಿಸಿ ಕೂತಿದ್ದರು.

"ಬಂದ್ಯಾ? ಹೋಗು!" ಎಂದರು ತಾಯಿ.

"ಒಂದರ್ಧ ಗಂಟೆ ಹೊರಗಿರ್ತೀರಾ?" ಹೆಂಡತಿಯದು ಬೇಡುವ ದನಿ. "ಕಡೇ ಗ್ರಹಕ್ಕೆ ಇಳೀತಿದ್ದೀವಿ. ಮಧ್ಯಾಹ್ನ ಮಧ್ಯಾಹ್ನ ಆಡಿ ಇಲ್ಲೀವರೆಗೂ ಬಂದ್ವಿ."

"ನಾನು ತುಟಿ ಬಿಚ್ಚಲ್ಲ ಕಣೇ. ಮೂಲೇಲಿ ನಿಂತಿರ್ತೀನಿ."

"ತುಟಿ ಬಿಡಿ, ನಿಮ್ಮ ಹುಬ್ಬೇ ಮಾತಾಡತ್ತೆ."

ಬಾಗಿಲು ಮುಚ್ಚಿತು. ಒಳಗಿಂದ ಚಿಲಕವೂ ಬಿತ್ತು. ಯಜಮಾನರು ಮೆಟ್ಟಿಲ ಮೇಲೆ ಕೂತು ಕಿವಿಯನ್ನು ಬಾಗಿಲಿಗೆ ಆನಿಸಿದರು. ಪರಿಚಿತ ಸಂಗೀತ ಏರಿತು, ಇಳಿಯಿತು, ನಿಂತಿತು. ಈಗ ಕಾಣುತ್ತದೆ, ಈಗ...

"ಅಯ್ಯೋ! ಅತ್ತೆ, ನೋಡೀ... ಅವ್ರೆಲ್ಲ ಇಲ್ಲೇ ಇದ್ದಾರೆ!"

ಅದೇ ಬೆರಗು. ತಾಯಿ ಬಿಕ್ಕುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಹೆಂಡತಿಯ ಮುಖ ಈಗ ಹೇಗಿರಬಹುದು? ಯಜಮಾನರು ಬಾಗಿಲ ಬಣ್ಣವನ್ನೇ ನೋಡಿದರು.

ತರಕಾರಿ ಚೀಲ ಹಿಡಿದು ಮೆಟ್ಟಿಲೇರುತ್ತಿದ್ದ ಮೇಲಿನ ಮನೆಯಾಕೆ ನಿಂತರು. "ಏನ್ರೀ, ಬೀಗದ ಕೈ ಮರೆತ್ರಾ?"

"ಕೈ ಜೇಬಲ್ಲೇ ಇದೆ ಅಮ್ಮಾ," ಎಂದು ಯಜಮಾನರು ಸರಿದು ದಾರಿ ಬಿಟ್ಟರು. "ಬಾಯಿಗೆ ಬೀಗ ಹಾಕ್ಕೊಳ್ಳೋದು ಮರೆತಿದ್ದೆ."